ಬಿಸಿಲು ಇದ್ದಷ್ಟೇ ಚಾರ್ಜ್: ಸೋಲಾರ್, ಕಾರು ಮತ್ತು ಮನೆಯ ಆಟೊಮೇಷನ್ ಒಂದಾಗುವುದು ಹೇಗೆ?

ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇದೆ. ಅಂಗಳದಲ್ಲಿ ಎಲೆಕ್ಟ್ರಿಕ್ ಕಾರು ನಿಂತಿದೆ. ಮಧ್ಯಾಹ್ನ ಹನ್ನೆರಡಕ್ಕೆ ಕೇಬಲ್ ಸಿಕ್ಕಿಸಿದರೆ ಕಾರು ಬಿಸಿಲಿನಲ್ಲೇ ಚಾರ್ಜ್ ಆಗುತ್ತದೆ, ಅಲ್ವಾ? ತುಂಬಾ ಜನ ಹಾಗೇ ಅಂದುಕೊಂಡಿರುತ್ತಾರೆ. ಅದು ಅರ್ಧ ಮಾತ್ರ ನಿಜ.

ಆ ಹೊತ್ತಿಗೆ ಪ್ಯಾನೆಲ್ 4 ಕಿಲೋವ್ಯಾಟ್ ಕೊಡುತ್ತಿದೆ ಅಂತ ಇಟ್ಟುಕೊಳ್ಳಿ. ಕಾರು ಮಾತ್ರ 7.4 ಕಿಲೋವ್ಯಾಟ್ ಎಳೆಯುತ್ತಿದೆ. ಮಿಕ್ಕ 3.4 ಕಿಲೋವ್ಯಾಟ್ ಸದ್ದಿಲ್ಲದೆ ಹೊರಗಿನ ವಿದ್ಯುತ್ ಜಾಲದಿಂದ, ಅಂದರೆ ಗ್ರಿಡ್‌ನಿಂದ ಬರುತ್ತದೆ. ಎರಡು ಗಂಟೆಗೆಲ್ಲ ಕಾರು ತುಂಬಿಬಿಡುತ್ತದೆ. ಆಮೇಲೆ ಸಂಜೆಯವರೆಗೆ ಬಿದ್ದ ಬಿಸಿಲಿನ ಕರೆಂಟೆಲ್ಲ ಗ್ರಿಡ್‌ಗೆ ಹೋಗುತ್ತದೆ. ಅಂದರೆ ನಮ್ಮದನ್ನು ಹೊರಗೆ ಕೊಟ್ಟು, ಹೊರಗಿನದನ್ನು ಕೊಂಡು ಕಾರು ತುಂಬಿಸಿದ ಹಾಗಾಯಿತು. ಕೊಟ್ಟ ಯೂನಿಟ್‌ಗೂ ಕೊಂಡ ಯೂನಿಟ್‌ಗೂ ಒಂದೇ ಬೆಲೆ ಇರುವ ಕಡೆ ಇದರಿಂದ ಜೇಬಿಗೇನೂ ನಷ್ಟವಿಲ್ಲ. ಕೊಟ್ಟದ್ದಕ್ಕೆ ಕಡಿಮೆ, ಕೊಂಡದ್ದಕ್ಕೆ ಜಾಸ್ತಿ ಇರುವ ಕಡೆ ನಷ್ಟ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಸೋಲಾರ್ ಚಾರ್ಜಿಂಗ್ ಅಂದರೆ ಅದೇ. ತೊಂದರೆ ಏನೆಂದರೆ ಇಲ್ಲಿ ಹಾಸಿಗೆಯ ಉದ್ದ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಮೋಡ ಬಂದರೆ ಕುಗ್ಗುತ್ತದೆ, ಮನೆಯಲ್ಲಿ ಯಾರೋ ಪಂಪ್ ಹಾಕಿದರೆ ಇನ್ನೂ ಕುಗ್ಗುತ್ತದೆ. ಯಾರಾದರೂ ಪಕ್ಕದಲ್ಲೇ ಕೂತು ಕಾಲು ಮಡಚುತ್ತಾ ಚಾಚುತ್ತಾ ಇರಬೇಕು. ಆ ಕೆಲಸವನ್ನು ಮನೆಯ ಆಟೊಮೇಷನ್‌ಗೆ, ಅಂದರೆ ಮನೆಯ ಉಪಕರಣಗಳನ್ನು ತಾನಾಗಿಯೇ ನಡೆಸುವ ತಂತ್ರಾಂಶಕ್ಕೆ, ವಹಿಸುವುದು ಹೇಗೆ ಅಂತ ನೋಡೋಣ.

## ಮೊದಲು ಮೂರು ಪದ

ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದು ಕಿಲೋವ್ಯಾಟ್. ಬಕೆಟ್‌ನಲ್ಲಿ ಎಷ್ಟು ನೀರು ಸೇರಿತು ಅನ್ನುವುದು ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್. 2 ಕಿಲೋವ್ಯಾಟ್‌ನಲ್ಲಿ 5 ಗಂಟೆ ಚಾರ್ಜ್ ಮಾಡಿದರೆ 10 ಯೂನಿಟ್. ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರು 100 ಕಿಲೋಮೀಟರ್ ಓಡಲು ಸುಮಾರು 15 ಯೂನಿಟ್ ಬೇಕು. ಹಾಗಾಗಿ ಆ 10 ಯೂನಿಟ್‌ನಲ್ಲಿ ದಾರಿಯಲ್ಲಿ ಸೋರುವುದನ್ನು ಕಳೆದರೂ 60 ಕಿಲೋಮೀಟರ್ ಹತ್ತಿರ ಓಡಬಹುದು. ದಿನದ ಓಡಾಟ ಅಷ್ಟೊಳಗೇ ಇರುವವರಿಗೆ ಆತುರದ ಚಾರ್ಜಿಂಗ್ ಬೇಕಾಗುವುದೇ ಇಲ್ಲ.

ಮೂರನೆಯದು ಆಂಪಿಯರ್. ವೋಲ್ಟ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 230 ವೋಲ್ಟ್ ಇರುವ ಮನೆಯಲ್ಲಿ 10 ಆಂಪಿಯರ್ ಅಂದರೆ 2300 ವ್ಯಾಟ್. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

## ಗೋಡೆಯ ಮೇಲಿನ ಪೆಟ್ಟಿಗೆ ಚಾರ್ಜರ್ ಅಲ್ಲ

ಗೋಡೆಗೆ ಹಾಕಿದ ಪೆಟ್ಟಿಗೆಯನ್ನು ಎಲ್ಲರೂ ಚಾರ್ಜರ್ ಅಂತಲೇ ಕರೆಯುತ್ತಾರೆ. ಆದರೆ ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ತಿರುಗಿಸುವ ನಿಜವಾದ ಚಾರ್ಜರ್ ಕಾರಿನ ಹೊಟ್ಟೆಯೊಳಗಿದೆ. ಗೋಡೆಯ ಪೆಟ್ಟಿಗೆ, ಅಂದರೆ ವಾಲ್‌ಬಾಕ್ಸ್, ಒಂದು ಬುದ್ಧಿವಂತ ಸ್ವಿಚ್. ಅದು ಎರಡೇ ಕೆಲಸ ಮಾಡುತ್ತದೆ: ಎಲ್ಲ ಸರಿ ಇದ್ದರೆ ಕರೆಂಟ್ ಬಿಡುತ್ತದೆ, ಎಷ್ಟರ ತನಕ ಎಳೆಯಬಹುದು ಅಂತ ಕಾರಿಗೆ ಹೇಳುತ್ತದೆ.

ಹೇಳುವುದು ಹೇಗೆ? ಕೇಬಲ್‌ನಲ್ಲಿ ದಪ್ಪ ತಂತಿಗಳ ಜೊತೆ ಕಂಟ್ರೋಲ್ ಪೈಲಟ್ ಅನ್ನುವ ಸಣ್ಣ ತಂತಿ ಇರುತ್ತದೆ. ಕಾರು ಸಿಕ್ಕಿಸುವ ಮುಂಚೆ ಅದರಲ್ಲಿ 12 ವೋಲ್ಟ್. ಸಿಕ್ಕಿಸಿದರೆ ಕಾರು ಅದನ್ನು 9ಕ್ಕೆ ಇಳಿಸುತ್ತದೆ, 'ನಾನು ಬಂದೆ' ಅಂದ ಹಾಗೆ. ಚಾರ್ಜ್ ಬೇಕು ಅಂದಾಗ 6ಕ್ಕೆ ಇಳಿಸುತ್ತದೆ. ಆಗ ಪೆಟ್ಟಿಗೆಯೊಳಗೆ 'ಟಕ್' ಅಂತ ಒಂದು ಸದ್ದು ಕೇಳಿಸುತ್ತದೆ. ಅದು ಕಾಂಟ್ಯಾಕ್ಟರ್, ಅಂದರೆ ದೊಡ್ಡ ರಿಲೇ, ಮುಚ್ಚಿಕೊಂಡ ಸದ್ದು.

ಪೆಟ್ಟಿಗೆಯ ಕಡೆಯ ಮಾತೂ ಅದೇ ತಂತಿಯಲ್ಲಿ ಹೋಗುತ್ತದೆ. ಸೆಕೆಂಡಿಗೆ 1000 ಸಲ ಸಂಕೇತವನ್ನು ಮೇಲೆ ಕೆಳಗೆ ಮಾಡುತ್ತಾ, ಎಷ್ಟು ಪಾಲು ಹೊತ್ತು ಮೇಲಿರುತ್ತದೆ ಅನ್ನುವುದರಿಂದಲೇ ಮಿತಿ ಹೇಳುತ್ತದೆ. ಶೇ. 10ರಷ್ಟು ಹೊತ್ತು ಮೇಲಿದ್ದರೆ 6 ಆಂಪಿಯರ್. ಶೇ. 50 ಆದರೆ 30 ಆಂಪಿಯರ್. ಕಾರು ಇದನ್ನು ಗಮನಿಸುತ್ತಲೇ ಇರುತ್ತದೆ, ಕೆಲವೇ ಸೆಕೆಂಡಿನಲ್ಲಿ ತನ್ನ ಎಳೆತ ಬದಲಿಸಿಕೊಳ್ಳುತ್ತದೆ. ಐಇಸಿ 61851 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದೆಲ್ಲ ಬರೆದಿದೆ.

ಸೋಲಾರ್ ಚಾರ್ಜಿಂಗ್ ಸಾಧ್ಯವಾಗುವುದೇ ಈ ಪುಟ್ಟ ತಂತಿಯಿಂದ. ಮನೆಯ ಆಟೊಮೇಷನ್ ಕಾರಿಗೆ ನೇರವಾಗಿ ಏನೂ ಹೇಳಬೇಕಾಗಿಲ್ಲ. 'ಈಗ 11 ಆಂಪಿಯರ್' ಅಂತ ಪೆಟ್ಟಿಗೆಗೆ ಹೇಳಿದರೆ ಸಾಕು. ಆದರೆ ಅದು ಮೇಲ್ಮಿತಿ ಮಾತ್ರ ಅನ್ನುವುದು ನೆನಪಿರಲಿ. ಬ್ಯಾಟರಿ ತುಂಬುತ್ತಾ ಬಂದಾಗ ಕಾರು ಹೇಳಿದ್ದಕ್ಕಿಂತ ಕಡಿಮೆ ಎಳೆಯಬಹುದು.

## ಎಲ್ಲಾ ಲೆಕ್ಕವೂ ಮನೆಯ ಬಾಗಿಲಲ್ಲಿ

ಎಷ್ಟು ಆಂಪಿಯರ್ ಹೇಳಬೇಕು? ಪ್ಯಾನೆಲ್‌ನ ಡಿಸಿಯನ್ನು ಮನೆಯ ಎಸಿಗೆ ತಿರುಗಿಸುವ ಇನ್ವರ್ಟರ್ ತೋರಿಸುವ ಸೋಲಾರ್ ಉತ್ಪಾದನೆ ನೋಡಿದರೆ ಆಯ್ತಲ್ಲ ಅನ್ನಿಸುತ್ತದೆ. ಸಾಲದು. ಪ್ಯಾನೆಲ್ ಎಷ್ಟು ಕೊಟ್ಟಿತು ಅಂತ ಅದಕ್ಕೆ ಗೊತ್ತು, ಮನೆ ಎಷ್ಟು ತಿಂದಿತು ಅಂತ ಗೊತ್ತಿಲ್ಲ. ಎರಡರ ವ್ಯತ್ಯಾಸ ಗೊತ್ತಿರುವುದು ಒಂದೇ ಜಾಗಕ್ಕೆ: ಗ್ರಿಡ್‌ನ ತಂತಿ ಮನೆಯೊಳಗೆ ಕಾಲಿಡುವ ಜಾಗ. ಅಲ್ಲಿ ಕೂತ ಮೀಟರ್ ಹೇಳುವ ಒಂದೇ ಒಂದು ಸಂಖ್ಯೆ ಬೇಕು, ಕರೆಂಟ್ ಈಗ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ, ಎಷ್ಟು ಅಂತ. ಹಲವು ಸ್ಮಾರ್ಟ್ ಮೀಟರ್‌ಗಳಿಂದ ಇದನ್ನು ನೇರವಾಗಿ ಓದಬಹುದು. ಆಗದಿದ್ದರೆ ಮುಖ್ಯ ತಂತಿಯ ಸುತ್ತ ಬಳೆಯ ಹಾಗೆ, ಕರೆಂಟ್ ಅಳೆಯುವ ಒಂದು ಸಿಟಿ ಕ್ಲ್ಯಾಂಪ್ ಹಾಕಿಸಿ ಬೇರೆ ಮೀಟರ್ ಇಡಬೇಕು.

ಒಂದು ಮಧ್ಯಾಹ್ನದ ಲೆಕ್ಕ ನೋಡಿ. ಪ್ಯಾನೆಲ್ 4200 ವ್ಯಾಟ್ ಕೊಡುತ್ತಿದೆ. ಮನೆ 700 ಬಳಸುತ್ತಿದೆ. ಕಾರು 10 ಆಂಪಿಯರ್‌ನಲ್ಲಿ, ಅಂದರೆ 2300 ವ್ಯಾಟ್‌ನಲ್ಲಿ ಚಾರ್ಜ್ ಆಗುತ್ತಿದೆ. ಉಳಿದ 1200 ಹೊರಗೆ ಹೋಗುತ್ತಿದೆ. ಈಗ ಕಾರಿಗೆ ಎಷ್ಟು ಕೊಡಬಹುದು? ಮೀಟರ್ 1200 ಅಂತ ತೋರಿಸುತ್ತಿದೆ ಅಂತ 1200 ಕೊಟ್ಟರೆ ಕಾರಿಗೆ ಸಿಗುವುದು ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಕಾರು ಈಗಾಗಲೇ ತಿನ್ನುತ್ತಿರುವುದನ್ನೂ ಸೇರಿಸಬೇಕು. 1200ಕ್ಕೆ 2300 ಸೇರಿಸಿದರೆ 3500. ಅದನ್ನು 230ರಿಂದ ಭಾಗಿಸಿದರೆ 15.2. ಕೆಳಗಿನ ಪೂರ್ಣ ಸಂಖ್ಯೆ ಹಿಡಿದರೆ 15 ಆಂಪಿಯರ್. ಇಷ್ಟೇ ಸೂತ್ರ. ಉಳಿದದ್ದೆಲ್ಲ ಇದರ ಸುತ್ತ ಹಾಕಿದ ಬೇಲಿ.

ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ಕೆಲವು ಮೀಟರ್‌ಗಳು ಹೊರಗೆ ಹೋಗುವುದನ್ನು ಮೈನಸ್ ಅಂತ ತೋರಿಸುತ್ತವೆ, ಕೆಲವು ಪ್ಲಸ್ ಅಂತ. ಇದು ತಿರುಗುಮುರುಗಾದರೆ ಮಜಾ ನೋಡಬೇಕು. ಬಿಸಿಲು ಉರಿಯುವಾಗ ಕಾರು ಸುಮ್ನೆ ನಿಂತಿರುತ್ತದೆ, ಮೋಡ ಕವಿದ ತಕ್ಷಣ ಹಸಿದು ಬಂದವರ ಹಾಗೆ ಎಳೆಯುತ್ತದೆ. ಅಂಥದ್ದು ಕಂಡರೆ ಬೇರೆ ಏನನ್ನೂ ಮುಟ್ಟಬೇಡಿ, ಮೊದಲು ಚಿಹ್ನೆ ನೋಡಿ.

## 6 ಆಂಪಿಯರ್‌ನ ಹೊಸ್ತಿಲು

ಮಿತಿಯನ್ನು ಎಷ್ಟು ಬೇಕಾದರೂ ಕೆಳಗಿಳಿಸಬಹುದು ಅಂದುಕೊಳ್ಳಬೇಡಿ. ಮಾನದಂಡದಲ್ಲಿ 6 ಆಂಪಿಯರ್‌ಗಿಂತ ಕಡಿಮೆ ಅನ್ನುವ ಮಾತೇ ಇಲ್ಲ. ಒಂದೇ ಫೇಸ್‌ನಲ್ಲಿ ಅದು 1380 ವ್ಯಾಟ್. ಅದಕ್ಕಿಂತ ಕಡಿಮೆ ಉಳಿದಿದ್ದರೆ ಎರಡೇ ದಾರಿ. ಚಾರ್ಜ್ ನಿಲ್ಲಿಸಿ, ಇಲ್ಲವೇ ಕೊರತೆಯಷ್ಟನ್ನು ಗ್ರಿಡ್‌ನಿಂದ ತುಂಬಿಕೊಳ್ಳಿ.

ಮೂರು ಫೇಸ್‌ನಲ್ಲಿ ಚಾರ್ಜ್ ಆಗುವ ಕಾರಾದರೆ ಹೊಸ್ತಿಲು ಇನ್ನೂ ಎತ್ತರ. ಪ್ರತಿ ಫೇಸ್‌ಗೆ 6 ಆಂಪಿಯರ್ ಅಂದರೆ ಒಟ್ಟು 4140 ವ್ಯಾಟ್. ಚಾವಣಿಯಲ್ಲಿ 5 ಕಿಲೋವ್ಯಾಟ್ ಪ್ಯಾನೆಲ್ ಇದ್ದರೂ ಆ ಎತ್ತರ ಮುಟ್ಟುವುದು ಒಳ್ಳೆ ಬಿಸಿಲಿನ ನಡುಹಗಲಲ್ಲಿ ಮಾತ್ರ. ಅದಕ್ಕೇ ಕೆಲವು ವಾಲ್‌ಬಾಕ್ಸ್‌ಗಳಲ್ಲಿ ಫೇಸ್ ಬದಲಿಸುವ ಸೌಲಭ್ಯ ಇರುತ್ತದೆ. ಬಿಸಿಲು ಕಡಿಮೆ ಇದ್ದಾಗ ಒಂದು ಫೇಸ್, ಜಾಸ್ತಿ ಆದಾಗ ಮೂರು. ಬದಲಿಸುವ ಮುಂಚೆ ಚಾರ್ಜಿಂಗ್ ಪೂರ್ತಿ ನಿಲ್ಲಿಸಿ ಸ್ವಲ್ಪ ಕಾದು ಮತ್ತೆ ಶುರು ಮಾಡಬೇಕು. ಮೂರು ಫೇಸ್ ಇರುವ ಮನೆಗೆ ಪೆಟ್ಟಿಗೆ ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಅಂತ ನನಗನ್ನಿಸುತ್ತದೆ. ಆ್ಯಪ್ ಎಷ್ಟು ಚೆನ್ನಾಗಿದೆ ಅನ್ನುವುದನ್ನೆಲ್ಲ ಆಮೇಲೆ ನೋಡಿದರಾಯಿತು.

ಹೊಸ್ತಿಲ ಹತ್ತಿರವೇ ಚಾರ್ಜ್ ಮಾಡುವುದರಲ್ಲಿ ಇನ್ನೊಂದು ನಷ್ಟವಿದೆ. ಚಾರ್ಜ್ ಆಗುವಾಗ ಕಾರಿನ ಕಂಪ್ಯೂಟರ್‌ಗಳು, ಪಂಪ್‌ಗಳು ಎಚ್ಚರವಾಗಿರಬೇಕು. ಎಷ್ಟೋ ಕಾರುಗಳಲ್ಲಿ ಅದಕ್ಕೇ ಕೆಲವು ನೂರು ವ್ಯಾಟ್ ಹೋಗುತ್ತದೆ. 7 ಕಿಲೋವ್ಯಾಟ್ ಎಳೆಯುವಾಗ ಅದು ಲೆಕ್ಕಕ್ಕಿಲ್ಲ. 1380 ವ್ಯಾಟ್‌ನಲ್ಲಿ ಅದು ದೊಡ್ಡ ಪಾಲು. ಹೇಗಿದ್ದರೂ ಹೊರಗೆ ಹೋಗುತ್ತಿದ್ದ ಕರೆಂಟ್ ಆದರೆ ಚಿಂತೆಯಿಲ್ಲ. ಗ್ರಿಡ್‌ನಿಂದ ಕೊಂಡದ್ದನ್ನು ಹೀಗೆ ಸಣ್ಣಗೆ ಹರಿಸುವುದರಲ್ಲಿ ಮಾತ್ರ ಅರ್ಥವಿಲ್ಲ.

## ಮೋಡ ಬಂದಾಗ ಏನಾಗುತ್ತದೆ

ಬಿಳಿ ಮೋಡದ ತುಂಡುಗಳು ಓಡಾಡುವ ದಿನ ಮೀಟರ್ ಎದುರು ಹತ್ತು ನಿಮಿಷ ನಿಂತು ನೋಡಿ. 11:20ಕ್ಕೆ 2600 ವ್ಯಾಟ್ ಹೊರಗೆ. ಒಂದು ನಿಮಿಷದಲ್ಲಿ 300. ಇನ್ನೊಂದು ನಿಮಿಷಕ್ಕೆ ಮತ್ತೆ 2400. ಮೇಲೆ ಹೇಳಿದ ಸೂತ್ರವನ್ನು ಹಾಗೇ ಹಾಕಿದರೆ ಗೋಡೆಯ ಪೆಟ್ಟಿಗೆ ಟಕ್, ಟಕ್ ಅಂತ ದಿನವಿಡೀ ತೆರೆದು ಮುಚ್ಚುತ್ತಿರುತ್ತದೆ. ಕಾಂಟ್ಯಾಕ್ಟರ್ ಸವೆಯುತ್ತದೆ. ಕಾರಿಗೂ ಒಳ್ಳೆಯದಲ್ಲ. ಪದೇ ಪದೇ ನಿಲ್ಲಿಸಿ ಶುರು ಮಾಡಿದರೆ ಕೆಲವು ಕಾರುಗಳು ಮುನಿಸಿಕೊಂಡು, ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸುವ ತನಕ ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ.

ಪರಿಹಾರ ತಾಳ್ಮೆ. ಶುರು ಮಾಡಲು ಒಂದು ಗೆರೆ, ನಿಲ್ಲಿಸಲು ಅದಕ್ಕಿಂತ ಕೆಳಗೆ ಇನ್ನೊಂದು ಗೆರೆ. ಉದಾಹರಣೆಗೆ, 1600 ವ್ಯಾಟ್ ಎರಡು ಮೂರು ನಿಮಿಷ ಬಿಡದೆ ಉಳಿದರೆ ಶುರು ಮಾಡು. ಕಾರು ತಿನ್ನುತ್ತಿರುವುದನ್ನೂ ಸೇರಿಸಿದ ಲೆಕ್ಕ 1000ಕ್ಕಿಂತ ಕೆಳಗೆ ಐದು ಹತ್ತು ನಿಮಿಷ ಇದ್ದರೆ ಮಾತ್ರ ನಿಲ್ಲಿಸು. ನಡುವೆ ಏನೇ ಆದರೂ 6 ಆಂಪಿಯರ್‌ಗೆ ಇಳಿದು ಕಾಯಿ. ಆ ಹೊತ್ತಿನಲ್ಲಿ ಗ್ರಿಡ್‌ನಿಂದ ಸ್ವಲ್ಪ ಬರುತ್ತದೆ, ನಿಜ. 700 ವ್ಯಾಟ್ ಕೊರತೆ ಐದು ನಿಮಿಷ ಇದ್ದರೂ ಅದು 0.06 ಯೂನಿಟ್ ಅಷ್ಟೆ. ಅಷ್ಟಕ್ಕಾಗಿ ಕಾಂಟ್ಯಾಕ್ಟರ್ ಸವೆಸುವುದು ದಡ್ಡತನ.

ಆಂಪಿಯರ್ ಏರಿಸುವುದು ಇಳಿಸುವುದಕ್ಕೂ ಇದೇ ಮಾತು. ಬಿಸಿನೀರಿನ ನಲ್ಲಿ ನೆನಪಿಸಿಕೊಳ್ಳಿ. ತಿರುಗಿಸಿದ ತಕ್ಷಣ ಬಿಸಿ ಬರುವುದಿಲ್ಲ. ಬರಲಿಲ್ಲ ಅಂತ ಇನ್ನಷ್ಟು ತಿರುಗಿಸಿದರೆ ಆಮೇಲೆ ಕೈ ಸುಡುತ್ತದೆ. ಮೀಟರ್‌ನಿಂದ ಸಂಖ್ಯೆ ಬರಲು ಕೆಲವು ಸೆಕೆಂಡು, ಕಾರು ಎಳೆತ ಬದಲಿಸಲು ಕೆಲವು ಸೆಕೆಂಡು ಬೇಕು. ಒಂದು ಬದಲಾವಣೆ ಮೀಟರ್‌ನಲ್ಲಿ ಕಾಣಿಸುವ ಮುಂಚೆಯೇ ಇನ್ನೊಂದು ಆಜ್ಞೆ ಹೋದರೆ ವ್ಯವಸ್ಥೆ ತೊಟ್ಟಿಲಿನ ಹಾಗೆ ತೂಗುತ್ತಲೇ ಇರುತ್ತದೆ. ಹಾಗಾಗಿ ಒಂದು ನಿಮಿಷದ ಸರಾಸರಿ ತೆಗೆದು, ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಮಾತ್ರ ಆಜ್ಞೆ ಕೊಡುವುದು ವಾಸಿ.

## ಇವೆಲ್ಲ ಯಾವ ಭಾಷೆಯಲ್ಲಿ ಮಾತಾಡುತ್ತವೆ

ಮೀಟರ್, ಇನ್ವರ್ಟರ್, ವಾಲ್‌ಬಾಕ್ಸ್, ಕಾರು. ನಾಲ್ಕೂ ಬೇರೆ ಬೇರೆ ಕಂಪನಿಯದು, ನಾಲ್ಕಕ್ಕೂ ಒಂದೊಂದು ಆ್ಯಪ್. ಇವುಗಳನ್ನು ಒಂದೇ ಜಗಲಿ ಮೇಲೆ ಕೂರಿಸುವುದು ಮನೆಯ ಆಟೊಮೇಷನ್ ತಂತ್ರಾಂಶ. 2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್ ಇದರಲ್ಲಿ ಬಹಳ ಹೆಸರಾದದ್ದು. ಉಚಿತ, ಓಪನ್ ಸೋರ್ಸ್, ಮನೆಯಲ್ಲೇ ಒಂದು ಪುಟ್ಟ ಕಂಪ್ಯೂಟರ್‌ನಲ್ಲಿ ಓಡುತ್ತದೆ. ಸೋಲಾರ್‌ನಿಂದ ಕಾರು ಚಾರ್ಜ್ ಮಾಡುವುದಕ್ಕೆಂದೇ ಇವಿಸಿಸಿ ಅನ್ನುವ ಇನ್ನೊಂದು ತಂತ್ರಾಂಶವೂ ಇದೆ. ಮೇಲೆ ಹೇಳಿದ ತಾಳ್ಮೆಯ ಲೆಕ್ಕವೆಲ್ಲ ಅದರೊಳಗೇ ಇದೆ. ಎರಡನ್ನೂ ಜೋಡಿಸಿಯೂ ಬಳಸಬಹುದು. ಎಲ್ಲವನ್ನೂ ಸ್ವಂತ ಕೈಯಿಂದ ಬರೆಯುವ ಹಠ ಇಲ್ಲದವರಿಗೆ ಅದೇ ಸುಲಭ.

ಭಾಷೆಗಳಲ್ಲಿ ಮೂರರ ಹೆಸರು ಪದೇ ಪದೇ ಕೇಳುತ್ತದೆ. ಮಾಡ್‌ಬಸ್ 1979ರಲ್ಲಿ ಕಾರ್ಖಾನೆಯ ಯಂತ್ರಗಳಿಗಾಗಿ ಹುಟ್ಟಿದ್ದು. ಹಳೆಯದಾದರೂ ಇನ್ವರ್ಟರ್ ಮತ್ತು ಮೀಟರ್‌ಗಳ ಮನೆಮಾತು ಇವತ್ತಿಗೂ ಅದೇ. ಎಂಕ್ಯೂಟಿಟಿ 1999ರದ್ದು, ದೂರದ ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಸ್ಯಾಟಲೈಟ್ ಮೂಲಕ ಕಣ್ಣಿಡಲು ಮಾಡಿದ್ದು. ಅದು ಸೂಚನಾ ಫಲಕದ ಹಾಗೆ. ಮೀಟರ್ ತನ್ನ ಸಂಖ್ಯೆಯನ್ನು ಅಲ್ಲಿ ಅಂಟಿಸುತ್ತದೆ, ಬೇಕಾದವರು ಓದಿಕೊಳ್ಳುತ್ತಾರೆ. ಮೂರನೆಯದು ಓಸಿಪಿಪಿ, ಚಾರ್ಜಿಂಗ್ ಸ್ಟೇಷನ್‌ಗಳಿಗೆಂದೇ ಮಾಡಿದ ಭಾಷೆ. ಅದರಲ್ಲಿ ಪೆಟ್ಟಿಗೆಯೇ ಸರ್ವರ್‌ಗೆ ಫೋನ್ ಮಾಡುತ್ತದೆ. ಮನೆಯ ಕಂಪ್ಯೂಟರ್ ಆ ಸರ್ವರ್‌ನ ಜಾಗದಲ್ಲಿ ಕೂತರೆ ಆಜ್ಞೆ ನಮ್ಮದಾಯಿತು.

ಭಾಷೆ ಯಾವುದಾದರೂ ಇರಲಿ, ಮಾತು ಮನೆಯೊಳಗೇ ನಡೆಯಬೇಕು. ಕಂಪನಿಯ ಸರ್ವರ್‌ವರೆಗೆ ಹೋಗಿ ವಾಪಸ್ ಬರುವ ಸಂಖ್ಯೆ ಎಷ್ಟೋ ಸಲ ತಡವಾಗಿ ಬರುತ್ತದೆ. ಇಂಟರ್‌ನೆಟ್ ಹೋದರೆ ಬರುವುದೇ ಇಲ್ಲ. ಇನ್ನೊಂದು ಸಣ್ಣ ಎಚ್ಚರಿಕೆ: ಕೆಲವು ಪೆಟ್ಟಿಗೆಗಳು ಕೊಟ್ಟ ಪ್ರತಿ ಮಿತಿಯನ್ನೂ ತಮ್ಮ ಶಾಶ್ವತ ಮೆಮೊರಿಯಲ್ಲಿ ಬರೆದಿಡುತ್ತವೆ. ಅಂಥ ಮೆಮೊರಿಗೆ ಬರೆಯುವ ಆಯಸ್ಸು ಇಷ್ಟು ಅಂತ ಇರುತ್ತದೆ. ಸೋಲಾರ್ ಲೆಕ್ಕಕ್ಕೆ ತಾತ್ಕಾಲಿಕ ಮಿತಿಯ ಬೇರೆ ಆಜ್ಞೆ ಇದೆಯಾ ಅಂತ ಕೈಪಿಡಿಯಲ್ಲಿ ನೋಡಿ.

## ಮನೆಯಲ್ಲೂ ಬ್ಯಾಟರಿ ಇದ್ದರೆ

ಈಗ ಹಗ್ಗಜಗ್ಗಾಟ ಶುರು. ಮನೆಯ ಬ್ಯಾಟರಿಯ ಕೆಲಸ ಮೀಟರನ್ನು ಸೊನ್ನೆಯಲ್ಲಿಡುವುದು. ಉಳಿದದ್ದನ್ನು ಅದು ನುಂಗುತ್ತದೆ, ಕೊರತೆಯನ್ನು ತುಂಬುತ್ತದೆ. ಕಾರಿನ ಲೆಕ್ಕವೂ ಅದೇ ಮೀಟರ್ ನೋಡುತ್ತಿದೆ. ಮೋಡ ಬಂತು, ಕಾರು ಇನ್ನೂ 3 ಕಿಲೋವ್ಯಾಟ್ ಎಳೆಯುತ್ತಿದೆ, ಬ್ಯಾಟರಿ ಆ ಕೊರತೆಯನ್ನು ತುಂಬಿತು. ಮೀಟರ್‌ನಲ್ಲಿ ಸೊನ್ನೆ. ಆಟೊಮೇಷನ್‌ಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸಂಜೆ ದೀಪಕ್ಕೆ ಇಟ್ಟಿದ್ದ ಕರೆಂಟೆಲ್ಲ ಕಾರಿನ ಹೊಟ್ಟೆ ಸೇರಿರುತ್ತದೆ. ಡಿಸಿಯಿಂದ ಎಸಿಗೆ, ಎಸಿಯಿಂದ ಮತ್ತೆ ಡಿಸಿಗೆ ತಿರುಗುವಾಗ ಒಂದಷ್ಟು ಸೋರಿಯೂ ಹೋಗಿರುತ್ತದೆ.

ಹಾಗಾಗಿ ಬ್ಯಾಟರಿಯ ಸಂಖ್ಯೆಯನ್ನೂ ಸೂತ್ರಕ್ಕೆ ಸೇರಿಸಬೇಕು. ಬ್ಯಾಟರಿ ಖಾಲಿಯಾಗುತ್ತಿದ್ದರೆ ಅಷ್ಟನ್ನು ಕಳೆಯಬೇಕು. ತುಂಬುತ್ತಿದ್ದರೆ, ಕಾರಿಗೆ ಮೊದಲ ಮಣೆ ಕೊಡುವುದಾದರೆ, ಅಷ್ಟನ್ನು ಕೂಡಿಸಬೇಕು. ಯಾರಿಗೆ ಮೊದಲ ಮಣೆ ಅನ್ನುವುದು ಮನೆಯವರ ಇಷ್ಟ. ಬ್ಯಾಟರಿ ಅರ್ಧ ತುಂಬುವ ತನಕ ಬ್ಯಾಟರಿಗೆ, ಆಮೇಲೆ ಕಾರಿಗೆ ಅನ್ನುವ ನಿಯಮ ಹೆಚ್ಚು ಕಡಿಮೆ ಎಲ್ಲರಿಗೂ ಒಗ್ಗುತ್ತದೆ.

## ಬೆಳಿಗ್ಗೆ ಕಾರು ಬೇಕಲ್ಲ

ಮೂರು ದಿನ ಮಳೆ ಹಿಡಿದರೆ? ಸೋಲಾರ್ ಮಾತ್ರ ಅಂತ ಕೂತರೆ ನಾಲ್ಕನೆಯ ದಿನ ಬಸ್ಸಿಗೆ ಹೋಗಬೇಕಾಗುತ್ತದೆ. ಅದಕ್ಕೆ ಮೂರು ಬಗೆ ಇಟ್ಟುಕೊಳ್ಳುವುದು ರೂಢಿ: ಬಿಸಿಲು ಇದ್ದಷ್ಟೇ, ಕನಿಷ್ಠ 6 ಆಂಪಿಯರ್ ಸದಾ ಮತ್ತು ಬಿಸಿಲು ಬಂದರೆ ಜಾಸ್ತಿ, ಇಲ್ಲವೇ ಈಗಲೇ ಪೂರ್ತಿ ವೇಗ. ಮೂರನೆಯದಕ್ಕೆ ಗೋಡೆಯ ಮೇಲೆ ಒಂದು ನಿಜವಾದ ಬಟನ್ ಇರಲಿ. ಊರಿಗೆ ಹೊರಡುವ ಆತುರದಲ್ಲಿ ಮನೆಯಲ್ಲಿ ಯಾರೂ ಆಟೊಮೇಷನ್‌ನ ಡ್ಯಾಶ್‌ಬೋರ್ಡ್ ತೆರೆದು ಹುಡುಕುವುದಿಲ್ಲ.

ಇದಕ್ಕಿಂತ ಒಳ್ಳೆಯದು, 'ಬೆಳಿಗ್ಗೆ ಏಳಕ್ಕೆ ಕನಿಷ್ಠ ಶೇ. 50 ಇರಬೇಕು' ಅನ್ನುವ ನಿಯಮ. ಹಗಲು ಬಿಸಿಲಿನಲ್ಲಿ ಎಷ್ಟಾಯಿತೋ ಅಷ್ಟು, ಉಳಿದದ್ದು ರಾತ್ರಿ ಗ್ರಿಡ್‌ನಿಂದ. ಇದಕ್ಕೆ ಕಾರಿನ ಬ್ಯಾಟರಿ ಎಷ್ಟು ತುಂಬಿದೆ ಅಂತ ಗೊತ್ತಾಗಬೇಕು, ಪೈಲಟ್ ತಂತಿ ಅದನ್ನು ಹೇಳುವುದಿಲ್ಲ. ಸಾಮಾನ್ಯವಾಗಿ ಕಾರು ಕಂಪನಿಯ ಆನ್‌ಲೈನ್ ಸೇವೆಯನ್ನೇ ಕೇಳಬೇಕಾಗುತ್ತದೆ. ಕೇಳುವುದರಲ್ಲೂ ಮಿತಿ ಇರಲಿ. ನಿಮಿಷಕ್ಕೊಮ್ಮೆ ಕೇಳುತ್ತಿದ್ದರೆ ಕೆಲವು ಕಾರುಗಳು ನಿದ್ದೆಗೇ ಜಾರುವುದಿಲ್ಲ, ನಿಂತಲ್ಲೇ ಬ್ಯಾಟರಿ ಕರಗುತ್ತದೆ.

## ತಂತ್ರಾಂಶಕ್ಕೆ ಒಪ್ಪಿಸಬಾರದ ಕೆಲಸಗಳು

ಬ್ರೇಕರ್, ಲೀಕೇಜ್ ಹಿಡಿಯುವ ಆರ್‌ಸಿಡಿ, ತಂತಿಯ ದಪ್ಪ. ಇವು ಎಲೆಕ್ಟ್ರಿಷಿಯನ್‌ನ ಕೆಲಸ, ಯಾವ ಆಟೊಮೇಷನ್ನೂ ಇವುಗಳ ಬದಲಿಗೆ ನಿಲ್ಲುವುದಿಲ್ಲ. ಮಾಮೂಲಿ ಸಾಕೆಟ್‌ಗೆ ಸ್ಮಾರ್ಟ್ ಪ್ಲಗ್ ಹಾಕಿ ಕಾರು ಆನ್ ಆಫ್ ಮಾಡುವ ಅಗ್ಗದ ಉಪಾಯವೂ ಬೇಡ. ಗಂಟೆಗಟ್ಟಲೆ ಪೂರ್ತಿ ಲೋಡ್ ಹೊರಲು ಅಂಥ ಪ್ಲಗ್‌ಗಳನ್ನು ಮಾಡಿರುವುದಿಲ್ಲ, ಕಾದು ಕರಗಬಹುದು. ಮನೆಯ ಮುಖ್ಯ ಫ್ಯೂಸ್ ಮೀರದ ಹಾಗೆ ಕಾರನ್ನು ತಗ್ಗಿಸುವ ಲೋಡ್ ಬ್ಯಾಲೆನ್ಸಿಂಗ್ ಕೂಡ ವಾಲ್‌ಬಾಕ್ಸ್ ಒಳಗೇ ಇರಲಿ.

ಕೊನೆಗೆ, ಮನೆಯ ಕಂಪ್ಯೂಟರ್ ನಡುವೆಯೇ ನಿಂತುಹೋದರೆ ಪೆಟ್ಟಿಗೆ ಏನು ಮಾಡಬೇಕು ಅಂತ ಮೊದಲೇ ಹೇಳಿಡಬೇಕು. ಹಲವು ಪೆಟ್ಟಿಗೆಗಳಲ್ಲಿ ಇದಕ್ಕೊಂದು ಸೆಟ್ಟಿಂಗ್ ಇರುತ್ತದೆ: ಇಷ್ಟು ಸೆಕೆಂಡು ಯಾವ ಆಜ್ಞೆಯೂ ಬರದಿದ್ದರೆ 6 ಆಂಪಿಯರ್‌ಗೆ ಇಳಿ, ಅಥವಾ ನಿಲ್ಲು. ಸೆಟ್ಟಿಂಗ್ ಇದೆ ಅಂತ ನಂಬಿ ಕೂರಬೇಡಿ. ಒಂದು ಬಿಸಿಲಿನ ಮಧ್ಯಾಹ್ನ ಕಾರು 15 ಆಂಪಿಯರ್‌ನಲ್ಲಿ ಚಾರ್ಜ್ ಆಗುತ್ತಿರುವಾಗ ಮನೆಯ ಕಂಪ್ಯೂಟರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು, ಗಡಿಯಾರ ಹಿಡಿದು ಪೆಟ್ಟಿಗೆಯ ಮುಂದೆ ನಿಂತು ನೋಡಿ.